ನೋಡ್ಕೊಂಡು ಕೊಡಿ ಮೇಸ್ತ್ರಿ

ಆ ಬೀದಿಯಲ್ಲಿ ಎಲ್ಲರಿಗೂ ಅವರವರ ಕಸುಬೇ ಹೆಸರು. ಬ್ಯಾಟರಿಯವನು, ಟೈರಿನವನು, ಗಾಜಿನವನು. ನಡುವಿನ ತಗಡಿನ ಶೆಡ್ಡಿನಲ್ಲಿ ಕಾರು ರಿಪೇರಿ ಮಾಡುವ ಮೇಸ್ತ್ರಿಗೆ ಮಾತ್ರ ಕಸುಬಿನ ಹೆಸರು ಸಾಲದೆ, ಅವನ ಬಾಯಿಂದ ದಿನಕ್ಕೆ ನಾಲ್ಕಾರು ಸಲ ಉದುರುವ ಮಾತನ್ನೇ ಜನ ಮುಂದೆ ಅಂಟಿಸಿಬಿಟ್ಟಿದ್ದರು. ‘ನೋಡ್ಕೊಂಡು ಕೊಡಿ ಮೇಸ್ತ್ರಿ ಶೆಡ್ ಎಲ್ಲಿ?’ ಎಂದು ಕೇಳಿದರೆ ಬೀದಿಯ ನಾಯಿಯೂ ದಾರಿ ತೋರಿಸುತ್ತಿತ್ತು ಎಂದರೆ ಉತ್ಪ್ರೇಕ್ಷೆಯಾದೀತು, ಟೈರಿನವನಂತೂ ತೋರಿಸುತ್ತಿದ್ದ.

ಮೇಸ್ತ್ರಿಯ ಕೆಲಸದ ಬಗ್ಗೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ತೊಂದರೆಯೆಲ್ಲ ಕೆಲಸ ಮುಗಿದ ಮೇಲೆ. ಬಾನೆಟ್ ಮುಚ್ಚಿ, ಕೈಯನ್ನು ಹಳೇ ಬನಿಯನ್ ತುಂಡಿಗೆ ಒರೆಸುತ್ತ ನಿಂತಾಗ ಗಿರಾಕಿ ಕೇಳಿಯೇ ಕೇಳುತ್ತಾನೆ: “ಎಷ್ಟಾಯ್ತು ಮೇಸ್ತ್ರಿ?” ಸಾಮಾನಿನ ಬೆಲೆಯನ್ನು ಮೇಸ್ತ್ರಿ ಪಟಪಟನೆ ಹೇಳುತ್ತಿದ್ದ. ಅದು ಅಂಗಡಿಯವನದು, ಡಬ್ಬಿಯ ಮೇಲೇ ಅಚ್ಚಾಗಿರುತ್ತದೆ. “ನಿಮ್ಮ ಮಜೂರಿ?” ಎಂದ ತಕ್ಷಣ ನಾಲಿಗೆ ಹಿಂದಕ್ಕೆ ಸರಿಯುತ್ತಿತ್ತು. ಗಿರಾಕಿಯ ಮುಖ ನೋಡದೆ, ಕಾರಿನ ಹೆಡ್‌ಲೈಟಿಗೆ ಹೇಳುವವನ ಹಾಗೆ ಹೇಳುತ್ತಿದ್ದ: “ಅದೇನು, ನೋಡ್ಕೊಂಡು ಕೊಡಿ.”

ಜನ ನೋಡಿಕೊಂಡೇ ಕೊಡುತ್ತಿದ್ದರು. ಕಟ್ಟಡದ ಕಂಟ್ರಾಕ್ಟರು ತನ್ನ ದೊಡ್ಡ ಕಾರಿನ ಕ್ಲಚ್ ಪ್ಲೇಟು ಹಾಕಿಸಿಕೊಂಡು, ಎರಡು ಸಣ್ಣ ನೋಟನ್ನು ಮೇಸ್ತ್ರಿಯ ಅಂಗೈಗೆ ಒತ್ತಿ, ಅದರ ಮೇಲೆ ಒಂದು ಲೋಟ ಹೊಗಳಿಕೆ ಸುರಿದು ಹೋಗುತ್ತಿದ್ದ. ಟ್ಯಾಕ್ಸಿಯವನು ಅರ್ಧ ಕೊಟ್ಟು ಟೀ ಕುಡಿಸುತ್ತಿದ್ದ. ಹೊಗಳಿಕೆಯಿಂದ ಬಾಡಿಗೆ ಕಟ್ಟಲಾಗುವುದಿಲ್ಲ, ಟೀಯಿಂದಲೂ ಇಲ್ಲ. ಮೇಸ್ತ್ರಿ ಕೊಟ್ಟದ್ದನ್ನು ಎಣಿಸದೆ ಅಂಗಿಯ ಜೇಬಿಗೆ ಇಳಿಸುತ್ತಿದ್ದ. ಎಣಿಸದೇ ಇರುವುದೇ ತನ್ನ ದೊಡ್ಡಸ್ತಿಕೆ ಎಂದು ಅವನಿಗೆ ಒಳಗೊಳಗೇ ಹೆಮ್ಮೆ.

ಎಣಿಸುವ ಕೆಲಸ ಹೆಂಡತಿಯದು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ “ಪ್ಯಾಂಟಿನ ಕಾಲು ಮಡಚೋಕೆ ಇಷ್ಟು, ಜಿಪ್ ಹಾಕೋಕೆ ಇಷ್ಟು, ನಾಳೇನೇ ಬೇಕಂದ್ರೆ ಇನ್ನಿಷ್ಟು” ಎಂದು ಖಡಾಖಂಡಿತವಾಗಿ ಹೇಳುವವಳು. ಗಂಡನ ಜೇಬು ಬರಿದು ಮಾಡಿ ಎಣಿಸುವಾಗ ಅವಳು ಗೊಣಗದ ದಿನವಿಲ್ಲ.

“ಅಲ್ಲಾರೀ, ನಿಮ್ಮ ಬಾಯಿಗೇನು ತುಕ್ಕು ಹಿಡಿದಿದೆಯಾ? ಇಷ್ಟು ಕೊಡಿ ಅನ್ನೋಕೆ ಏನು ಕಷ್ಟ?”

“ಕೊಡೋರು ಕೊಡ್ತಾರೆ ಬಿಡೇ.”

“ಕೊಡೋರು ನರ್ಸಮ್ಮ ಒಬ್ರೇ. ಅವರ ಕಾರು ಬಂದ ದಿನ ಜೇಬು ದಪ್ಪ ಇರುತ್ತೆ, ಮಿಕ್ಕ ದಿನ ತೆಳ್ಳಗೆ.”

ಆಗೆಲ್ಲ ನರ್ಸಮ್ಮನ ಹೆಸರೆತ್ತಿದರೆ ಮೇಸ್ತ್ರಿಯ ಮುಖ ಅರಳುತ್ತಿತ್ತು. ಹೆರಿಗೆ ಆಸ್ಪತ್ರೆಯಲ್ಲಿ ಅವನ ಒಬ್ಬಳೇ ಮಗಳನ್ನು ಮೊಟ್ಟಮೊದಲು ಎತ್ತಿಕೊಂಡದ್ದು ಅವರ ಕೈ. ಆಗಿನಿಂದಲೂ ಅವರ ಬೂದು ಬಣ್ಣದ ಸಣ್ಣ ಕಾರು ಇವನ ಶೆಡ್ಡಿಗೇ ಬರುತ್ತಿತ್ತು. ಅವರು ಹೆಚ್ಚು ಕೊಡುವುದು ಪ್ರೀತಿಯಿಂದ ಎಂದು ಅವನು ತಿಳಿದಿದ್ದ. ಹಾಗೆ ತಿಳಿಯುವುದು ಅವನಿಗೆ ಹಿತವಾಗಿಯೂ ಇತ್ತು.

ಇಷ್ಟಕ್ಕೂ ಈ ರೋಗ ಹುಟ್ಟಿನಿಂದ ಬಂದದ್ದಲ್ಲ. ಶೆಡ್ಡು ಹಾಕಿದ ಹೊಸದರಲ್ಲಿ ಅವನ ಸೋದರಮಾವ ಗೇರ್‌ಬಾಕ್ಸ್ ಕೆಟ್ಟ ಕಾರು ತಂದು ನಿಲ್ಲಿಸಿದ. ಹುಡುಗುಹುರುಪಿನಲ್ಲಿದ್ದ ಮೇಸ್ತ್ರಿ ಹಗಲೆಲ್ಲ ಕಾರಿನಡಿಯ ಗುಂಡಿಯೊಳಗೆ ನಿಂತು, ಕತ್ತು ಮೇಲೆತ್ತಿ ಎತ್ತಿ, ಎಲ್ಲ ಬಿಚ್ಚಿ ಜೋಡಿಸಿ, ನ್ಯಾಯವಾದ ಮಜೂರಿಯನ್ನು ಬಾಯಿಬಿಟ್ಟು ಹೇಳಿದ. ಮಾವ ಒಂದೂ ಮಾತಾಡದೆ ಎಣಿಸಿಕೊಟ್ಟ. ಆಮೇಲೆ ನೆಂಟರ ಮದುವೆಯೊಂದರಲ್ಲಿ, ಊಟಕ್ಕೆ ಕೂತ ಸಾಲಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಅಂದ: “ನಮ್ಮ ಅಳಿಯ ಭಾರಿ ಬುದ್ಧಿವಂತ ಕಣ್ರಪ್ಪ. ಮಾವನ ಹತ್ರಾನೂ ಮಜೂರಿ ವಸೂಲಿ ಮಾಡ್ದ.” ಸಾಲು ಸಾಲೇ ನಕ್ಕಿತು. ಮೇಸ್ತ್ರಿ ಬಾಯಿಗೆ ಹೋಗುತ್ತಿದ್ದ ತುತ್ತನ್ನು ತಟ್ಟೆಗೇ ಇಳಿಸಿದ. ಮಾವ ತೀರಿಕೊಂಡು ವರ್ಷಗಳೇ ಆದವು; ಆ ನಗು ಮಾತ್ರ ಸಾಯಲಿಲ್ಲ. ಯಾರು “ಎಷ್ಟಾಯ್ತು?” ಎಂದರೂ ಅವನಿಗೆ ಆ ಊಟದ ಸಾಲೇ ಕಣ್ಣ ಮುಂದೆ ಬರುತ್ತಿತ್ತು.

ಅದರ ಜೊತೆಗೆ ಇನ್ನೊಂದು ಕೆಟ್ಟ ಅಭ್ಯಾಸವೂ ಅಂಟಿಕೊಂಡಿತ್ತು. ಕೆಲಸ ಬೇಗ ಮುಗಿದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಇಷ್ಟು ಬೇಗ ಆದದ್ದಕ್ಕೆ ಯಾರು ತಾನೇ ಏನು ಕೊಟ್ಟಾರು ಎಂದು, ಮುಗಿದ ಕೆಲಸದ ಮೇಲೆ ಮತ್ತೆ ಬಗ್ಗಿ, ಬಿಗಿಯಾದ ನಟ್ಟನ್ನೇ ಪಾನಾ ಹಾಕಿ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಕೇಳುವ ಧೈರ್ಯವಿಲ್ಲ, ಕೊಡಲಿ ಎಂಬ ಆಸೆ ಬಿಟ್ಟಿಲ್ಲ. ಪಾಪ, ಈ ಎರಡರ ನಡುವೆ ಅವನ ಸೊಂಟ ಸವೆಯುತ್ತಿತ್ತು.

ಮಗಳ ಕಣ್ಣಿಗೆ ಇದೆಲ್ಲ ಬಿದ್ದದ್ದು ಅವಳು ಶೆಡ್ಡಿಗೆ ಬಂದು ಸೇರಿದ ಮೇಲೆ. ಊರಿನ ಆಚೆ ತುದಿಯ ದೊಡ್ಡ ವರ್ಕ್‌ಶಾಪಿನಲ್ಲಿ ಅವಳು ಹಲವು ವರ್ಷ ದುಡಿದಿದ್ದಳು. ಅಪ್ಪನ ಸೊಂಟ ಹಿಡಿದುಕೊಂಡಾಗ ರಜೆ ಹಾಕಿ ಬಂದವಳು ಹಾಗೇ ನಿಂತಳು. ಬೀದಿಯವರು ಅವಳಿಗೆ ಚಿಕ್ಕ ಮೇಸ್ತ್ರಿ ಎಂದು ಹೆಸರಿಟ್ಟರು. ಅಪ್ಪ ಕಿವಿಯಿಂದ ಕೆಲಸ ಮಾಡಿದರೆ ಇವಳು ಮೀಟರಿನಿಂದ ಮಾಡುವಳು. ಇಬ್ಬರೂ ಸೇರಿದರೆ ಯಾವ ಕಾರೂ ತನ್ನ ರೋಗ ಮುಚ್ಚಿಡುವಂತಿರಲಿಲ್ಲ. ಮೇಸ್ತ್ರಿಗೆ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ. ಗುಂಡಿಯೊಳಗಿಂದ ಕೈ ಚಾಚಿದರೆ, ಕೇಳುವ ಮೊದಲೇ ಬೇಕಾದ ಪಾನಾ ಅಂಗೈಗೆ ಬಂದು ಕೂರುತ್ತಿತ್ತು.

ಆದರೆ ಮಜೂರಿಯ ಮಾತು ಬಂದಾಗಲೆಲ್ಲ ಅಪ್ಪ ಮಗಳಿಗೆ ಜಟಾಪಟಿ.

“ಆ ಕಂಟ್ರಾಕ್ಟರಿಗೆ ಎಷ್ಟು ಹೇಳ್ದೆ?”

“ನೋಡ್ಕೊಂಡು ಕೊಡ್ತಾರೆ.”

“ಅವರು ಎಲ್ಲಿ ನೋಡಿದ್ರು? ಫೋನ್ ನೋಡ್ತಾ ಕೂತಿದ್ರು! ಅಪ್ಪ, ಕ್ಲಚ್ ಪ್ಲೇಟಿಗೆ ಬೆಲೆ ಇದೆ, ಅದನ್ನ ಹಾಕೋ ಕೈಗೆ ಇಲ್ವಾ? ಒಂದೊಂದು ಕೆಲಸಕ್ಕೆ ಇಷ್ಟು ಅಂತ ಬಾಯಲ್ಲಿ ಹೇಳು, ಸಾಕು. ಆಮೇಲೆ ಆ ನಟ್ಟು ಮುಟ್ಟೋ ನಾಟಕ ಬಿಡು. ಬೇಗ ಮಾಡಿದ್ರೆ ಕಡಿಮೆ, ಎಳೆದಾಡಿದ್ರೆ ಜಾಸ್ತಿ ಅನ್ನೋದು ಯಾವ ಊರಿನ ನ್ಯಾಯ?”

“ಜನ ಏನಂದ್ಕೋತಾರೆ?”

“ಮಜೂರಿ ಇಷ್ಟು ಅಂದ್ಕೋತಾರೆ.”

ಹೀಗೆ ಮಾತು ಮುಗಿಯದೆ ಮುಗಿಯುತ್ತಿತ್ತು. ಕೊನೆಗೆ ಒಂದು ಸಂಜೆ ಅವಳು ಕೈ ತೊಳೆದುಕೊಳ್ಳುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದಳು: “ಅಪ್ಪ, ತಿಂಗಳಾಗ್ತಾ ಬಂತು. ನನ್ನ ಸಂಬಳ ಎಷ್ಟು?”

ಮೇಸ್ತ್ರಿ ತಬ್ಬಿಬ್ಬಾದ. ಮಗಳಿಗೆ ಕೊಡಬಾರದು ಎಂದಲ್ಲ; ಜೇಬಿನಲ್ಲಿದ್ದದ್ದನ್ನೆಲ್ಲ ಕೊಡುತ್ತಿದ್ದ. ಆದರೆ ಇಷ್ಟು ಎಂದು ಹೇಳುವುದು ಹೇಗೆ? ರೂಢಿಯಾದ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು.

“ಅದೇನು ಮಗಳೇ... ನೀನೇ ನೋಡ್ಕೊಂಡು ತಗೋ.”

ಅವಳು ತಿರುಗಿದಳು. ಕಣ್ಣು ತುಂಬಿತ್ತು. “ಅಂದ್ರೆ ನನ್ನ ಕೆಲಸಕ್ಕೂ ಇಷ್ಟು ಅಂತ ಇಲ್ಲ, ಅಲ್ವಾ? ವರ್ಕ್‌ಶಾಪಿನ ಮ್ಯಾನೇಜರು ಈ ತಿಂಗಳ ಕೊನೆ ತನಕ ನನ್ನ ಜಾಗ ಖಾಲಿ ಇಟ್ಟಿದಾರೆ. ಅಲ್ಲಿ ಹತ್ತು ಜನರಲ್ಲಿ ನಾನೊಬ್ಬಳು, ಆದ್ರೆ ನನ್ನ ಕೈಗೆ ಇಷ್ಟು ಅಂತ ಬೆಲೆ ಇತ್ತು. ಇಲ್ಲಿರೋಕೆ ನನಗೆ ಇಷ್ಟ ಅಪ್ಪ. ಆದ್ರೆ ನಿನಗೆ ಬಾಯಿ ಬರೋ ತನಕ ಕಾಯೋಕಾಗಲ್ಲ. ಈ ತಿಂಗಳು ನೋಡ್ತೀನಿ.”

ಆ ರಾತ್ರಿ ಮನೆಯಲ್ಲಿ ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಯಾರೂ ಮಾತಾಡಲಿಲ್ಲ. ಮೇಸ್ತ್ರಿ ಮಾರನೇ ದಿನ ಬೆಳಿಗ್ಗೆ ಶೆಡ್ಡಿಗೆ ಒಬ್ಬನೇ ಮೊದಲು ಹೋಗಿ, ಒಂದು ಹಳೆಯ ಬಂಪರನ್ನು ಗಿರಾಕಿ ಎಂದುಕೊಂಡು ಹೇಳಿ ನೋಡಿದ. “ಎಂಟುನೂರು ಆಗುತ್ತೆ.” ಬಂಪರು ಏನೂ ಅನ್ನಲಿಲ್ಲ. ಟ್ಯಾಕ್ಸಿಯವನು ಬಂದು “ಎಷ್ಟು?” ಎಂದಾಗ ಮಾತ್ರ ಎಂಟುನೂರು ಗಂಟಲಲ್ಲೇ ಉಳಿಯಿತು. ಮಗಳು ಕೇಳಿಸಿಕೊಂಡೂ ತಿರುಗದೆ ಕೈಯಲ್ಲಿದ್ದ ಕೆಲಸ ಮುಂದುವರಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

ಇದರ ನಡುವೆ ಅವನನ್ನು ಕೊರೆಯುತ್ತಿದ್ದ ಇನ್ನೊಂದು ನೋವೆಂದರೆ, ನರ್ಸಮ್ಮನ ಕಾರು ಬರುವುದು ನಿಂತು ವರ್ಷದ ಮೇಲಾಗಿತ್ತು. ಅವರು ನಿವೃತ್ತರಾದದ್ದು ಗೊತ್ತಿತ್ತು. ಕಾರು ಇಟ್ಟುಕೊಂಡಿದ್ದಾರೆ, ಬೇರೆ ಕಡೆ ರಿಪೇರಿಗೆ ಬಿಡುತ್ತಾರೆ ಎಂದು ಅವನೇ ತೀರ್ಮಾನಿಸಿ, ಅವನೇ ಮುನಿಸಿಕೊಂಡಿದ್ದ. “ಒಂದು ಮಾತು ಹೇಳ್ದೆ ಬಿಟ್ಟುಹೋದ್ರು ನೋಡು. ನಾನು ಅವರ ಹತ್ರ ಬಾಯಿಬಿಟ್ಟು ಒಂದು ಕಾಸು ಕೇಳ್ದೋನಲ್ಲ,” ಎಂದು ಹೆಂಡತಿಯ ಮುಂದೆ ಹೇಳಿಕೊಂಡದ್ದೂ ಉಂಟು.

ತಿಂಗಳು ಮುಗಿಯಲು ಇನ್ನೇನು ಸ್ವಲ್ಪ ದಿನ ಇರುವಾಗ, ಬಿಡಿಭಾಗದ ಅಂಗಡಿಗೆಂದು ಮೇಸ್ತ್ರಿ ನಡೆದು ಹೊರಟಿದ್ದ. ಇಳಿಜಾರು ಮುಗಿದು ನಾಲ್ಕು ರಸ್ತೆ ಸೇರುವ ಕಡೆ ಬರುವಾಗ ಹಿಂದಿನಿಂದ ಒಂದು ಸದ್ದು ಕೇಳಿತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ, ಹಲ್ಲು ಜುಮ್ಮೆನ್ನುವ ಕಿರುಚಾಟ. ಬ್ರೇಕ್ ಪ್ಯಾಡ್ ಪೂರ್ತಿ ಸವೆದು ಬರೀ ತಗಡು ಉಳಿದಿದೆ ಎಂದು ತಿರುಗುವ ಮೊದಲೇ ಅವನ ಕಿವಿಗೆ ಗೊತ್ತಾಯಿತು. ತಿರುಗಿ ನೋಡಿದ. ಅದೇ ಬೂದು ಬಣ್ಣದ ಕಾರು. ನಿಲ್ಲಬೇಕಾದ ಗೆರೆ ದಾಟಿ, ರಸ್ತೆ ದಾಟುತ್ತಿದ್ದ ಒಬ್ಬ ಹೆಂಗಸಿನ ಕೈಚೀಲಕ್ಕೆ ತಾಗಿಯೂ ತಾಗದ ಹಾಗೆ ಹೋಗಿ, ಕಾಲುದಾರಿಯ ಅಂಚಿಗೆ ಚಕ್ರ ಬಡಿದು ನಿಂತಿತು. ಯಾರಿಗೂ ಏಟಾಗಲಿಲ್ಲ. ಒಳಗೆ ನರ್ಸಮ್ಮ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಮೇಸ್ತ್ರಿಯನ್ನು ಕಂಡದ್ದೇ ಅವರ ಮುಖ ಇನ್ನಷ್ಟು ಸಣ್ಣಗಾಯಿತು.

“ಪಕ್ಕಕ್ಕೆ ಕೂತ್ಕೊಳಿ ನರ್ಸಮ್ಮ, ನಾನು ಓಡಿಸ್ತೀನಿ,” ಎಂದು ಅವನು ಕೂತು, ಮೊದಲ ಗೇರಿನಲ್ಲೇ, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟು, ಕಾರನ್ನು ನಡೆಸಿಕೊಂಡು ಹೋದ ಹಾಗೆ ಶೆಡ್ಡಿಗೆ ತಂದ.

ಮಗಳು ಕೂಡಲೇ ಜಾಕ್ ಹಾಕಿದಳು. ಎಡಗಡೆಯ ಚಕ್ರ ಅವಳು ಬಿಚ್ಚಿದಳು, ಬಲಗಡೆಯದು ಅವನು. ಎರಡೂ ಕಡೆ ಪ್ಯಾಡು ಎಂಬುದೇ ಇರಲಿಲ್ಲ. ಎಡಗಡೆಯ ಡಿಸ್ಕಿನ ಮೇಲೆ ಉಗುರು ಇಳಿಯುವಷ್ಟು ಆಳದ ಗೀರುಗಳು.

“ಇದನ್ನ ಇಷ್ಟು ದಿನ ಯಾರು ನೋಡ್ತಿದ್ರು?” ಮೇಸ್ತ್ರಿ ಕೇಳಿದ. ದನಿಯಲ್ಲಿ ಸಿಟ್ಟಿತ್ತು, ಹಳೆಯ ಮುನಿಸೂ ಇತ್ತು. “ಯಾವ ಮಹಾನುಭಾವ ಇದನ್ನ ಹೀಗೆ ಬಿಟ್ಟ?”

“ಯಾರೂ ನೋಡಿಲ್ಲ,” ಎಂದರು ನರ್ಸಮ್ಮ. ಅವರು ಹಳೆಯ ಕಾರಿನ ಸೀಟಿನಿಂದ ಮಾಡಿದ ಬೆಂಚಿನ ತುದಿಯಲ್ಲಿ ಕೂತಿದ್ದರು. “ಎಲ್ಲೂ ಬಿಟ್ಟಿಲ್ಲ ನಾನು.”

“ಸದ್ದು ಕೇಳಿಸ್ತಿರಲಿಲ್ವಾ?”

“ಕೇಳಿಸ್ತಿತ್ತು.”

“ಮತ್ತೆ ಇಲ್ಲಿಗೆ ಬರಬಾರದಿತ್ತಾ? ನಾನೇನು ನಿಮ್ಮ ಹತ್ರ ಸುಲಿಗೆ ಮಾಡ್ತಿದ್ನಾ? ಒಂದಿನ ಆದ್ರೂ ಇಷ್ಟು ಕೊಡಿ ಅಂದಿದೀನಾ?”

“ಅದಕ್ಕೇ ಬರಲಿಲ್ಲ ಮೇಸ್ತ್ರಿ.”

ಮೇಸ್ತ್ರಿಗೆ ಅರ್ಥವಾಗಲಿಲ್ಲ. ನರ್ಸಮ್ಮ ಮಡಿಲಲ್ಲಿದ್ದ ಪರ್ಸಿನ ಕೊಂಡಿಯನ್ನು ತೆಗೆಯುತ್ತ ಹಾಕುತ್ತ ಹೇಳಿದರು: “ನೋಡ್ಕೊಂಡು ಕೊಡಿ ಅಂತೀರಿ. ನಾನು ಏನು ನೋಡ್ಲಿ? ನನಗೆ ಕಾರಿನ ವಿಷಯ ಏನು ಗೊತ್ತು? ಪ್ರತಿ ಸಲಾನೂ ಪರ್ಸಲ್ಲಿ ಇದ್ದಿದ್ದನ್ನೆಲ್ಲ ಕೊಡ್ತಿದ್ದೆ. ಮನೆಗೆ ಹೋಗಿ, ಕಡಿಮೆ ಆಯ್ತೋ ಏನೋ, ಪಾಪ ಬಾಯಿಬಿಟ್ಟು ಕೇಳದ ಮನುಷ್ಯ ಅಂತ ಒದ್ದಾಡ್ತಿದ್ದೆ. ಸಂಬಳ ಇದ್ದಾಗ ಹೇಗೋ ನಡೀತು. ಈಗ ತಿಂಗಳಿಗೆ ಬರೋದು ಇಷ್ಟೇ. ಎಷ್ಟು ಇಟ್ಕೊಂಡು ಬಂದ್ರೆ ಸಾಕಾಗುತ್ತೆ ಅಂತಾನೇ ಗೊತ್ತಾಗ್ಲಿಲ್ಲ. ಒಂದು ಸಲ ನಿಮ್ಮ ಬೀದಿ ತನಕ ಬಂದು ವಾಪಸ್ ಹೋಗಿದೀನಿ.”

ಮೇಸ್ತ್ರಿ ಕೈಯಲ್ಲಿದ್ದ ಸವೆದ ಪ್ಯಾಡನ್ನು ನೋಡಿದ. ಪ್ರೀತಿ ಎಂದು ಇಷ್ಟು ವರ್ಷ ಜೇಬಿಗಿಳಿಸಿದ್ದು ಈ ತಾಯಿಯ ಹೆದರಿಕೆ. ಎಣಿಸದೆ ಇರುವ ತನ್ನ ದೊಡ್ಡಸ್ತಿಕೆಗೆ ದಂಡ ಕಟ್ಟಿದ್ದು ಅವರು. ಇವತ್ತು ಆ ರಸ್ತೆ ದಾಟುವ ಹೆಂಗಸು ಒಂದು ಹೆಜ್ಜೆ ಹಿಂದೆ ಇದ್ದಿದ್ದರೆ! ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಮೂಲೆಯ ನಲ್ಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬಂದು ಕೆಲಸಕ್ಕೆ ಇಳಿದ.

ಮಗಳು ಗೀರುಬಿದ್ದ ಡಿಸ್ಕನ್ನು ಹೊತ್ತುಕೊಂಡು ಪಕ್ಕದ ಬೀದಿಯ ಲೇತ್ ಅಂಗಡಿಗೆ ಹೋಗಿ ಹೆರೆಸಿ ತಂದಳು. ಹೊಸ ಪ್ಯಾಡುಗಳು ಕೂತವು. ಬ್ರೇಕ್ ಆಯಿಲ್ ತುಂಬಿ, ಒಬ್ಬರು ಪೆಡಲ್ ಒತ್ತಿ ಇನ್ನೊಬ್ಬರು ಗಾಳಿ ತೆಗೆದು, ಮೇಸ್ತ್ರಿ ಬೀದಿಯ ಕೊನೆಯ ತನಕ ಓಡಿಸಿ ನೋಡಿಕೊಂಡು ಬಂದ. ಕಾರು ಹೇಳಿದ ಕಡೆ ನಿಂತಿತು. ಕೆಲಸ ಬೇಗ ಮುಗಿದಿತ್ತು. ಅವನು ಯಾವ ನಟ್ಟನ್ನೂ ಎರಡನೇ ಸಲ ಮುಟ್ಟಲಿಲ್ಲ.

ನರ್ಸಮ್ಮ ಎದ್ದು ನಿಂತರು. ಪರ್ಸು ಕೈಯಲ್ಲಿತ್ತು.

“ಎಷ್ಟಾಯ್ತು ಮೇಸ್ತ್ರಿ?”

ಸಾಮಾನಿನದು ಮತ್ತು ಲೇತಿನದು ಪಟಪಟನೆ ಹೇಳಿದ. ಅಲ್ಲಿಗೆ ನಿಂತುಬಿಟ್ಟ. ಅದೇ ಊಟದ ಸಾಲು, ಅದೇ ನಗು. ಮಗಳತ್ತ ಸಹಾಯಕ್ಕೆ ಬಾ ಎಂಬಂತೆ ನೋಡಿದರೆ ಅವಳು ಬೆನ್ನು ತಿರುಗಿಸಿ ಪಾನಾಗಳನ್ನು ಜೋಡಿಸುತ್ತಿದ್ದಳು. ಕಿವಿ ಮಾತ್ರ ಇತ್ತ ಇದ್ದದ್ದು ಅವನಿಗೆ ಗೊತ್ತಾಯಿತು. ಅವನು ಹೆಡ್‌ಲೈಟನ್ನು ಬಿಟ್ಟು ನರ್ಸಮ್ಮನ ಮುಖ ನೋಡಿದ.

“ನಮ್ಮ ಮಜೂರಿ... ಏಳುನೂರ ಐವತ್ತು.”

ನರ್ಸಮ್ಮನ ಹುಬ್ಬು ಮೇಲಕ್ಕೆ ಹೋಯಿತು. ಆಮೇಲೆ ಅವರ ಭುಜಗಳೆರಡೂ ಭಾರ ಇಳಿಸಿದ ಹಾಗೆ ಕೆಳಗಾದವು. ತುಟಿಯ ಕೊನೆಯಲ್ಲಿ ತುಂಟತನ ಇಣುಕಿತು.

“ಏಳುನೂರು ಮಾಡ್ಕೊಳ್ಳಿ,” ಎಂದರು.

ಮೇಸ್ತ್ರಿ ಬೆಪ್ಪಾದ. ಇಷ್ಟು ವರ್ಷದಲ್ಲಿ ನರ್ಸಮ್ಮ ಚೌಕಾಸಿ ಮಾಡಿದ್ದೇ ಇಲ್ಲ. ಮಾಡುವುದಾದರೂ ಹೇಗೆ? ಚೌಕಾಸಿ ಮಾಡಲು ಅವನೊಂದು ಸಂಖ್ಯೆ ಕೊಟ್ಟಿದ್ದರಲ್ಲವೇ! ಬೇರೆ ದಿನವಾಗಿದ್ದರೆ ಏಳುನೂರೇನು, ಪೂರ್ತಿ ಬಿಟ್ಟುಬಿಡುತ್ತಿದ್ದ. ಈಗಲೂ ‘ಆಯ್ತಮ್ಮ’ ಎಂಬುದು ತುಟಿಗೆ ಬಂದಿತ್ತು. ಅಷ್ಟರಲ್ಲಿ ಮಗಳ ಮೊಣಕೈಗೆ ಮೆತ್ತಿಕೊಂಡಿದ್ದ ಲೇತಿನ ಕಪ್ಪು ಕಣ್ಣಿಗೆ ಬಿತ್ತು.

“ಇಲ್ಲ ನರ್ಸಮ್ಮ, ಆಗಲ್ಲ. ಇದರಲ್ಲಿ ಅವಳ ಕೂಲೀನೂ ಇದೆ.”

ಪಾನಾ ಜೋಡಿಸುವ ಸದ್ದು ನಿಂತಿತು. ನರ್ಸಮ್ಮ ಮಗಳ ಬೆನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ನಕ್ಕರು. “ಹಾಗಾದ್ರೆ ಸರಿ. ಅವಳದ್ದು ಮುರಿಯೋಕಾಗುತ್ತಾ?” ಎಂದು ಎಣಿಸಿ ಕೊಟ್ಟು, ಪರ್ಸಿನ ಕೊಂಡಿ ಟಕ್ಕೆಂದು ಹಾಕಿದರು. ಕಾರು ಹತ್ತಿದವರು ಕಿಟಕಿಯಿಂದ ತಲೆ ಹೊರಹಾಕಿ ಕೇಳಿದರು: “ಆಯಿಲ್ ಬದಲಾಯಿಸೋಕೆ ಎಷ್ಟಾಗುತ್ತೆ? ಮುಂದಿನ ತಿಂಗಳು ಬರ್ತೀನಿ.”

“ಮಜೂರಿ ಇನ್ನೂರು,” ಎಂದ ಮೇಸ್ತ್ರಿ. ಈ ಸಲ ಅಷ್ಟು ಕಷ್ಟವಾಗಲಿಲ್ಲ.

ಬೂದು ಕಾರು ತಿರುವಿನಲ್ಲಿ ಸದ್ದಿಲ್ಲದೆ ನಿಂತು, ಸದ್ದಿಲ್ಲದೆ ತಿರುಗಿ ಹೋಯಿತು. ಮಗಳು ಬಂದು ಅವನ ಮುಂದೆ ಅಂಗೈ ಚಾಚಿ ನಿಂತಳು.

“ಇದರಲ್ಲಿ ನನ್ನದೆಷ್ಟು?”

“ಮುನ್ನೂರು.”

“ಎಡಗಡೆ ಪೂರ್ತಿ ನಾನೇ ಮಾಡಿದ್ದು. ಲೇತಿಗೆ ಹೊತ್ಕೊಂಡು ಹೋಗಿದ್ದೂ ನಾನೇ.”

“ಹೌದಲ್ಲ! ಮುನ್ನೂರ ಐವತ್ತು.”

“ಸರಿ. ನಿಂದು?”

ಮೇಸ್ತ್ರಿ ಬಾಯಿ ತೆರೆದ. ಹಳೇ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಅದನ್ನು ನುಂಗಿಕೊಂಡು ಮೆಲ್ಲಗೆ ಹೇಳಿದ: “ನಾನೂರು.”

“ಕೇಳಿಸ್ಲಿಲ್ಲ ಅಪ್ಪ.”

“ನಾನೂರು!”

ಎದುರು ಅಂಗಡಿಯ ಬ್ಯಾಟರಿಯವನು ಕೆಲಸ ಬಿಟ್ಟು ತಲೆಯೆತ್ತಿದ. “ಏನಾಯ್ತು ಮೇಸ್ತ್ರಿ? ಯಾರಿಗೆ ಬೈತಿದೀರಿ?”

“ಬೈತಿಲ್ಲ ಕಣಯ್ಯ,” ಎಂದು ಮೇಸ್ತ್ರಿ ಅಲ್ಲಿಂದಲೇ ಕೂಗಿದ. ಕೂಗುತ್ತಲೇ ನಗು ಬಂತು. “ನನ್ನ ಮಜೂರಿ ಹೇಳ್ತಿದೀನಿ!”

ಮಗಳು ಅವನ ಕೈಯಿಂದ ತನ್ನ ಪಾಲು ಎಣಿಸಿ ತೆಗೆದುಕೊಂಡಳು. ಆಮೇಲೆ ಫೋನು ತೆಗೆದು, ಕಿವಿಗೆ ಹಿಡಿದು, ವರ್ಕ್‌ಶಾಪಿನ ಮ್ಯಾನೇಜರಿಗೆ ಹೇಳಿದಳು: “ಸರ್, ನನ್ನ ಜಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”